ಗೋಣಿಚೀಲದ ಸಿಂಹಗಡ, ಪೊರಕೆಕಡ್ಡಿಯ ಕಬ್ಬು

ದೀಪಾವಳಿಗೆ ಇನ್ನೊಂದು ವಾರವಿದೆ ಎನ್ನುವಾಗ ಪುಣೆಯ ಮಕ್ಕಳ ಕೈಗೆ ಮಣ್ಣು ಹತ್ತುತ್ತದೆ. ಹಳೆಯ ವಾಡೆಗಳ ಅಂಗಳದಲ್ಲಿ ಬೆಳೆದ ಈ ಆಟ ಮಗರಪಟ್ಟಾದಂಥ ಬಹುಮಹಡಿ ಬಡಾವಣೆಗಳ ಪಾರ್ಕಿಂಗ್ ಮೂಲೆಗೂ ಬಂದಿದೆ. ಒಡೆದ ಇಟ್ಟಿಗೆ, ಕಲ್ಲು ಪೇರಿಸಿ, ಕೆಸರುನೀರಿನಲ್ಲಿ ಅದ್ದಿದ ಗೋಣಿಚೀಲ ಹೊದಿಸಿದರೆ ಸಹ್ಯಾದ್ರಿಯ ಇಳಿಜಾರು ಎದ್ದು ನಿಲ್ಲುತ್ತದೆ. ಜರಡಿ ಹಿಡಿದ ಕೆಂಪು ಮಣ್ಣು ಉದುರಿಸಿ, ಅಳವಿ ಬೀಜವನ್ನೋ ಸಾಸಿವೆಯನ್ನೋ ಚೆಲ್ಲಿ, ದಿನಾ ಒಂದಿಷ್ಟು ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಬೆಟ್ಟ ಹಸಿರಾಗುತ್ತದೆ. ಬಾಣಂತಿಯರಿಗೆ ಕೊಡುವ ಅಳವಿಯೇ ಇಲ್ಲಿ ಕಾಡು. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲುಗಳುದ್ದಕ್ಕೂ ಮಾವಳಾ ಸೈನಿಕರು, ಬುಡದಲ್ಲಿ ಒಂದು ಹಳ್ಳಿ, ಬಾವಿ, ನಾಲ್ಕು ದನ. ಇದಕ್ಕೆ ಇಲ್ಲಿ ಕಿಲ್ಲಾ ಎನ್ನುತ್ತಾರೆ. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಗಲ್ಲಿಗಳಲ್ಲೂ ದೀಪಾವಳಿ ಬಂತೆಂದರೆ ಕೋಟೆ ಏಳುತ್ತದೆ.

ಒಂದು ಜಾಗವನ್ನು, ಅಲ್ಲಿ ನಡೆಯುತ್ತಿರುವ ಒಂದು ಗಳಿಗೆಯನ್ನು, ಅಳತೆ ಇಳಿಸಿ ಕಟ್ಟಿ ನಿಲ್ಲಿಸುವ ಹವ್ಯಾಸಕ್ಕೆ ಜಗತ್ತಿನಲ್ಲಿ ಡಯೋರಾಮಾ ಎಂಬ ಹೆಸರಿದೆ. 1822ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಡಾಗೇರ್ ತೆರೆದ ಡಯೋರಾಮಾ ಒಂದು ಪ್ರದರ್ಶನ ಮಂದಿರ. ಭಾರೀ ಚಿತ್ರಪಟಗಳ ಮೇಲೆ ಬೆಳಕು ಬದಲಿಸುತ್ತ ಹಗಲನ್ನು ಇರುಳು ಮಾಡಿ ತೋರಿಸುತ್ತಿದ್ದರು. ಮುಂದೆ ಅದು ವಸ್ತುಸಂಗ್ರಹಾಲಯಗಳ ಗಾಜಿನ ಕಪಾಟಿಗೆ ಬಂತು. ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳ ಕಾಲದಲ್ಲಿ ಮನೆಯ ಮೇಜಿಗೂ ಬಂತು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಮಾಡಿದ ಡಯೋರಾಮಾಗಳ ಬಣ್ಣದ ಕರಪತ್ರಗಳನ್ನು ಮಾನೋಗ್ರಾಮ್ ಕಂಪನಿ ತನ್ನ ಕಿಟ್‌ಗಳ ಪೆಟ್ಟಿಗೆಯೊಳಗೇ ಇಟ್ಟು ಮಾರುತ್ತಿತ್ತು. ಅವನ್ನು ನೋಡಿ ಕಲಿತ ಒಂದು ತಲೆಮಾರೇ ಇದೆ.

ಆದರೆ ಕಿಟ್ ಬಂದಲ್ಲಿ ಖರ್ಚೂ ಬಂತು. ಜಪಾನಿನ ಟ್ಯಾಂಕ್, ಅದಕ್ಕೆ ತಕ್ಕ ಸೈನಿಕರು, ಬಣ್ಣ ಊದುವ ಏರ್‌ಬ್ರಷ್, ಅದರ ಕಂಪ್ರೆಸರ್, ಪ್ಯಾಕೆಟ್‌ನಲ್ಲಿ ಬರುವ ಹುಲ್ಲು ಎಂದು ಪಟ್ಟಿ ಬೆಳೆಯುತ್ತದೆ. ಇದನ್ನು ನೋಡಿ ‘ಇದು ದುಡ್ಡಿದ್ದವರ ಹವ್ಯಾಸ’ ಎಂದು ಕೈಬಿಟ್ಟವರನ್ನು ನಾನು ಬಲ್ಲೆ. ಅವರಿಗೆ ನನ್ನ ಮಾತು ಇಷ್ಟೇ: ಪುಣೆಯ ಮಕ್ಕಳು ಕಿಟ್ ಇಲ್ಲದೆಯೇ ತಲೆಮಾರುಗಳಿಂದ ಡಯೋರಾಮಾ ಕಟ್ಟುತ್ತಿದ್ದಾರೆ. ಕನ್ನಡದ ಮನೆಗಳೂ ಕಟ್ಟುತ್ತಿವೆ. ದಸರೆಯ ಗೊಂಬೆ ಕೂರಿಸುವಾಗ ಮೆಟ್ಟಿಲ ಪಕ್ಕದಲ್ಲಿ ಒಂದು ಪಾರ್ಕ್ ಮಾಡುತ್ತೇವಲ್ಲ? ತಟ್ಟೆಯಲ್ಲಿ ಮೊಳೆತ ರಾಗಿ ಪೈರು, ಕನ್ನಡಿಯ ಕೊಳ, ಅದರ ಮೇಲೆ ಬಾತುಕೋಳಿ, ಹಿಂದೆ ಕಾಗದ ಮುದುರಿ ಮಾಡಿದ ಚಾಮುಂಡಿ ಬೆಟ್ಟ. ವಿಜಯದಶಮಿಗೂ ದೀಪಾವಳಿಗೂ ನಡುವೆ ಮೂರು ವಾರದಷ್ಟೇ ಅಂತರ. ಪುಣೆಯಲ್ಲಿ ನೆಲೆಸಿದ ಮೈಸೂರು ಕಡೆಯವರ ಮನೆಯಲ್ಲಿ ಅದೇ ತಟ್ಟೆ, ಅದೇ ಕನ್ನಡಿ ಬಾಲ್ಕನಿಗೆ ಹೋಗಿ ಕೋಟೆಯ ಕೆರೆಯಾಗಬಹುದು. ಎರಡು ನಾಡಿನ ಎರಡು ಹಬ್ಬಗಳ ನಡುವೆ ಇಷ್ಟು ಹತ್ತಿರದ ನೆಂಟಸ್ತಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಿಲ್ಲಾದಿಂದ ಮುಂದೆ ಹೋಗಿ ವರ್ಷವಿಡೀ ಉಳಿಯುವಂಥದ್ದನ್ನು ಕಟ್ಟಬೇಕೆಂದರೆ ಮೊದಲು ಅಳತೆ ಗಟ್ಟಿಯಾಗಬೇಕು. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:35, 1:72 ಮತ್ತು ರೈಲು ಮಾಡೆಲ್‌ಗಳ 1:87. ಐದೂವರೆ ಅಡಿಯ ಮನುಷ್ಯ ಮೊದಲನೆಯದರಲ್ಲಿ 4.8 ಸೆಂಟಿಮೀಟರ್, ಎರಡನೆಯದರಲ್ಲಿ 2.3, ಮೂರನೆಯದರಲ್ಲಿ ಎರಡಕ್ಕೂ ತುಸು ಕಡಿಮೆ. ಈ ಲೆಕ್ಕ ಹಿಡಿದು ಪುಣೆಯ ಬಳಿಯ ಸಿಂಹಗಡ ಕೋಟೆಯನ್ನು ನೋಡಿ. ಅದರ ನೆತ್ತಿ ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರ. ಪುಣೆ ಸುಮಾರು 560 ಮೀಟರ್. ನಡುವಿನ ಏರನ್ನು 1:72ಕ್ಕೆ ಇಳಿಸಿದರೂ ಹತ್ತು ಮೀಟರ್ ದಾಟುತ್ತದೆ, ಅಂದರೆ ಮೂರು ಮಹಡಿ. ಮಕ್ಕಳು ಇದಕ್ಕೆ ಚೆಂದದ ಪರಿಹಾರ ಕಂಡುಕೊಂಡಿದ್ದಾರೆ: ಬೆಟ್ಟ ಮೊಣಕಾಲೆತ್ತರ, ಮಾವಳಾ ಬಾಗಿಲಿಗಿಂತ ದೊಡ್ಡವ, ಮಹಾರಾಜರು ಎಲ್ಲರಿಗಿಂತ ದೊಡ್ಡವರು. ನಮ್ಮ ಹಳೆಯ ಚಿತ್ರಗಳಲ್ಲೂ ದೊಡ್ಡವರನ್ನು ದೊಡ್ಡದಾಗಿಯೇ ಬರೆಯುತ್ತಿದ್ದರು, ಅದರಲ್ಲಿ ತಪ್ಪೇನಿಲ್ಲ. ಅಳತೆಗೆ ಕಟ್ಟುವವರು ಮಾತ್ರ ಇಡೀ ಗಡದ ಆಸೆ ಬಿಟ್ಟು ಕಲ್ಯಾಣ ದರವಾಜೆಯನ್ನು, ಅದರ ಮುಂದಿನ ಹತ್ತು ಸವೆದ ಮೆಟ್ಟಿಲನ್ನು ಆರಿಸಿಕೊಳ್ಳಬೇಕು. ತುಣುಕು ಚಿಕ್ಕದಾದಷ್ಟೂ ಖರ್ಚು ಕಡಿಮೆ, ನೋಟ ಸೂಕ್ಷ್ಮ. ಮಿಠಾಯಿ ಡಬ್ಬಿಯ ಮುಚ್ಚಳದಷ್ಟು ಜಾಗ ಮೊದಲ ಕೆಲಸಕ್ಕೆ ಧಾರಾಳ.

ಏನನ್ನು ಕಟ್ಟುವುದು? ನನ್ನನ್ನು ಕೇಳಿದರೆ ರಸವಂತಿ ಗೃಹ. ಪುಣೆಯ ರಸ್ತೆಗಳಲ್ಲಿ ಕಬ್ಬಿನ ಹಾಲಿನ ಅಂಗಡಿಗೆ ಇದೇ ಹೆಸರು. ಅದರ ಹಿಂದೆ ನವನಾಥ, ಕಾನಿಫನಾಥ ಎಂಬ ನಾಥರ ಹೆಸರು ಸೇರಿರುತ್ತದೆ. ಗಾಣ ತಿರುಗುವಾಗ ಗೆಜ್ಜೆ ಘಲ್ ಘಲ್ ಎನ್ನುತ್ತದೆ, ಎತ್ತು ಎಳೆಯುತ್ತಿದ್ದ ಕಾಲದ ನೆನಪಿಗೆ. ತಗಡಿನ ಮಾಡು, ಎರಡು ಬೆಂಚು, ಗೋಡೆಗೆ ಒರಗಿಸಿದ ಕಬ್ಬಿನ ಕಟ್ಟು, ಹಿಂದೆ ಸಿಪ್ಪೆಯ ರಾಶಿ, ಅದರ ಸುತ್ತ ಜೇನುನೊಣ. 1:35ರಲ್ಲಿ ಇದು ಅಂಗೈಯಗಲದಲ್ಲಿ ಕೂರುತ್ತದೆ.

ಮಾಡಿನ ತಗಡಿನಿಂದ ಶುರು ಮಾಡಿ. ನಮ್ಮ ಸುಕ್ಕುತಗಡಿನ ಒಂದು ಅಲೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 75 ಮಿಲಿಮೀಟರ್. 35ರಿಂದ ಭಾಗಿಸಿದರೆ ಎರಡು ಮಿಲಿಮೀಟರಿಗೆ ತುಸು ಹೆಚ್ಚು. ಹಲ್ಲಿನಿಂದ ಹಲ್ಲಿಗೆ ಅಷ್ಟೇ ಅಂತರವಿರುವ ಬಾಚಣಿಗೆ ಮನೆಯಲ್ಲೇ ಸಿಗುತ್ತದೆ. ಅದರ ಮೇಲೆ ಊಟದ ಡಬ್ಬಿಯ ದಪ್ಪ ಅಲ್ಯೂಮಿನಿಯಂ ಹಾಳೆಯ ತುಂಡಿಟ್ಟು ಆರಿದ ಪೆನ್ನಿನ ತುದಿಯಿಂದ ಗೀರಿದರೆ ತಗಡು ಸಿದ್ಧ. ಕಬ್ಬಿಗೆ ಪೊರಕೆ. ನಿಜವಾದ ಜಲ್ಲೆ ಮೂರು ಸೆಂಟಿಮೀಟರ್ ದಪ್ಪವಿದ್ದರೆ ಇಲ್ಲಿ ಮಿಲಿಮೀಟರಿಗೂ ಕಡಿಮೆ. ತೆಂಗಿನ ಕಡ್ಡಿಯ ತುದಿಭಾಗ, ಹುಲ್ಲಿನ ಪೊರಕೆಯ ಎಳೆ ಹೊಂದುತ್ತವೆ. ಎಂಟು ಸೆಂಟಿಮೀಟರಿಗೆ ಕತ್ತರಿಸಿ, ಗೆಣ್ಣಿದ್ದಲ್ಲಿ ಕಂದು ಬಣ್ಣದ ಚುಕ್ಕೆ ಇಟ್ಟು, ಹೊಲಿಗೆ ದಾರದಲ್ಲಿ ಕಟ್ಟಿ. ಹತ್ತು ಸೆಂಟಿಮೀಟರ್ ಎತ್ತರದ ಗಾಜಿನ ಲೋಟ ಇಲ್ಲಿ ಮೂರು ಮಿಲಿಮೀಟರ್: ತೆಳು ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿದು ಚಿಕ್ಕಚಿಕ್ಕದಾಗಿ ತುಂಡರಿಸಿ. ಬೆಂಚಿಗೆ ಐಸ್‌ಕ್ರೀಮ್ ಕಡ್ಡಿ, ಗೋಡೆಗೆ ಮದುವೆ ಕರೆಯೋಲೆಯ ದಪ್ಪ ಕಾಗದ. ಕರೆಯೋಲೆಯಷ್ಟು ಒಳ್ಳೆಯ ರಟ್ಟನ್ನು ನಮ್ಮ ದೇಶದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಅಗತ್ಯವೇ ಇಲ್ಲ.

ಹೆಚ್ಚು ದುಡ್ಡು ನುಂಗುವುದು ಮನುಷ್ಯರ ಗೊಂಬೆಗಳು. ಅವನ್ನೂ ಕೈಯಲ್ಲೇ ಮಾಡಬಹುದು. ತಾಮ್ರದ ತಂತಿಯಲ್ಲಿ ಎಲುಬುಗೂಡು ಬಗ್ಗಿಸಿ, ಮೊದಲು ಗೊಂಬೆಯ ನಿಲುವನ್ನು ಸರಿಪಡಿಸಿ. ಗಾಣಕ್ಕೆ ಕಬ್ಬು ಕೊಡುವವನ ಸೊಂಟ ಎಷ್ಟು ಬಾಗಿರುತ್ತದೆ, ಭಾರ ಯಾವ ಕಾಲಿನ ಮೇಲಿರುತ್ತದೆ ಎಂಬುದನ್ನು ಅಂಗಡಿಯ ಮುಂದೆ ನಿಂತು ನೋಡಿ ಬಂದವರಿಗೆ ಮಾತ್ರ ಇದು ದಕ್ಕುತ್ತದೆ. ಆಮೇಲೆ ಎಂ-ಸೀಲ್ ಕಲಸಿ ತೆಳುವಾಗಿ ಹಚ್ಚಿ, ಗಟ್ಟಿಯಾಗುವ ಮೊದಲು ಒದ್ದೆ ಸೂಜಿಯಿಂದ ಬಟ್ಟೆಯ ಮಡಿಕೆ ಎಳೆಯಬೇಕು. ಮುಖದಲ್ಲಿ ಕಣ್ಣು ಬಿಡಿಸುವ ಹಟ ಬೇಡ. ಆ ಅಳತೆಯಲ್ಲಿ ಹುಬ್ಬಿನ ಕೆಳಗೆ ಒಂದು ನೆರಳು ಸಾಕು, ನೋಡುವವರ ಕಣ್ಣೇ ಉಳಿದದ್ದನ್ನು ತುಂಬಿಕೊಳ್ಳುತ್ತದೆ.

ಬಣ್ಣದಲ್ಲಿ ತಿಳಿಯಬೇಕಾದ ಗುಟ್ಟು ಒಂದೇ. ಚಿಕ್ಕ ವಸ್ತುವಿನ ಮೇಲೆ ಬೀಳುವ ಬೆಳಕು ದೊಡ್ಡದರ ಮೇಲೆ ಬೀಳುವಷ್ಟು ಆಳದ ನೆರಳು ಕೊಡುವುದಿಲ್ಲ. ಆದ್ದರಿಂದ ನೆರಳನ್ನು ನಾವೇ ಬಳಿಯಬೇಕು. ಮೊದಲು ಮೂಲ ಬಣ್ಣ. ಅದು ಒಣಗಿದ ಮೇಲೆ ಕಂದುಗಪ್ಪನ್ನು ನೀರಿನಂತೆ ತೆಳುಮಾಡಿ ಹರಿಸಿದರೆ ಸಂದುಗಳಲ್ಲಿ ನಿಲ್ಲುತ್ತದೆ. ಕೊನೆಗೆ ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಒಣ ಅಂಶವನ್ನು ಅಂಚುಗಳ ಮೇಲೆ ಸವರಿದರೆ ಉಬ್ಬು ಮಿನುಗುತ್ತದೆ. ಶಾಲೆಯ ಪೋಸ್ಟರ್ ಬಣ್ಣ, ಬಟ್ಟೆಗೆ ಹಚ್ಚುವ ಅಕ್ರಿಲಿಕ್, ಹಳೆಯ ಟೂತ್‌ಬ್ರಷ್ ಇಷ್ಟರಲ್ಲಿ ಎಲ್ಲ ಆಗುತ್ತದೆ. ನೆಲಕ್ಕೆ ನಿಜವಾದ ಮಣ್ಣು: ಬಾಣಲೆಯಲ್ಲಿ ಚೆನ್ನಾಗಿ ಹುರಿದು ತೇವ ತೆಗೆದು, ಟೀ ಸೋಸುವ ಜಾಲರಿಯಲ್ಲಿ ಜಾಲಿಸಿ, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿ. ಫೆವಿಕಾಲ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿದರೆ ಅದು ಮಣ್ಣಿನೊಳಗೆ ಸಲೀಸಾಗಿ ಇಳಿಯುತ್ತದೆ. ಒಣಗಿಸಿದ ಚಹಾ ಚರಟ ತರಗೆಲೆಗೆ, ಹೀರೆಕಾಯಿಯ ನಾರು ಮರದ ಕೊಂಬೆಗೆ. ಬೆಟ್ಟಗುಡ್ಡ ಮೆತ್ತಲು ವಿದೇಶಿ ಅಂಗಡಿಗಳು ಕಾಗದದ ತಿರುಳಿನ ಪುಡಿಯನ್ನು ಪ್ಯಾಕೆಟ್ ಮಾಡಿ ಮಾರುತ್ತವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಾರರು ಗೋಣಿ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿ ‘ಕಿಟ್ಟ’ ಮಾಡುತ್ತ ಬಂದವರು. ಕೆಲಸ ಅದೇ, ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಥರ್ಮಾಕೋಲ್ ಬಗ್ಗೆ ಒಂದು ಎಚ್ಚರಿಕೆ. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಪ್ಲಾಸ್ಟಿಕ್ ಜೊತೆಗೆ ಥರ್ಮಾಕೋಲ್ ಅಲಂಕಾರವನ್ನೂ ನಿಷೇಧಿಸಿತು. ಹೊಸದನ್ನು ಕೊಳ್ಳಲು ಹೋಗಬೇಡಿ. ಟಿ.ವಿ. ಪೆಟ್ಟಿಗೆಯೊಳಗೆ ಬಂದದ್ದು ಮನೆಯಲ್ಲಿದ್ದರೆ ಕಸಕ್ಕೆ ಹಾಕುವ ಬದಲು ಬಳಸಿ. ಸ್ಪ್ರೇ ಪೇಂಟ್ ಮಾತ್ರ ಅದನ್ನು ತಿಂದುಹಾಕುತ್ತದೆ, ನೀರಿನ ಬಣ್ಣವೇ ಕ್ಷೇಮ. ಪುಣೆಯ ಮಳೆಗಾಲವೂ ಈ ಕೆಲಸಕ್ಕೆ ಶತ್ರು. ರಟ್ಟು ಒಂದೇ ಬದಿಯಲ್ಲಿ ಒದ್ದೆಯಾದರೆ ಬಾಗುತ್ತದೆ, ಆದ್ದರಿಂದ ತಳಕ್ಕೂ ಬಣ್ಣ ಬಳಿಯಿರಿ. ಮೈದಾ ಅಂಟು ಬಳಸಿದರೆ ಹುಳು ಬರುತ್ತದೆ. ಪುಸ್ತಕ ಕಟ್ಟುವವರು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳು ಮುಟ್ಟುವ ಕೆಲಸಕ್ಕೆ ಖಂಡಿತ ಬೇಡ.

ಸಾಮಾನಿಗೆ ದೂರ ಹೋಗಬೇಕಿಲ್ಲ. ಮಗರಪಟ್ಟಾದ ಪಕ್ಕದ ಮುಂಢ್ವಾ, ಅಲ್ಲಿಯ ಕೇಶವನಗರದಲ್ಲಿ ಕುಂಬಾರವಾಡೆ ಇದೆ. ಜೇಡಿಮಣ್ಣು ಕೇಳಿದರೆ ಸಿಗುತ್ತದೆ. ಬಣ್ಣ, ಬ್ರಷ್, ರಟ್ಟಿಗೆ ಅಪ್ಪಾ ಬಳವಂತ ಚೌಕ. ತಂತಿ, ಜಾಲರಿ, ಅಂಟಿಗೆ ರವಿವಾರ ಪೇಟೆಯ ಬೋಹ್ರಿ ಆಳಿ. ಬುಧವಾರ, ಭಾನುವಾರ ನಡೆಯುವ ಜುನಾ ಬಾಜಾರಿನಲ್ಲಿ ಕೆಟ್ಟ ಗಡಿಯಾರ, ರೇಡಿಯೊ ರಾಶಿ ಬಿದ್ದಿರುತ್ತವೆ. ಗಡಿಯಾರದ ಹಲ್ಲುಚಕ್ರಗಳು ನಮ್ಮ ಗಾಣಕ್ಕೆ ಹೇಳಿ ಮಾಡಿಸಿದಂತಿರುತ್ತವೆ.

ಕಣ್ಣು ಪಳಗಿಸಲು ಎರಡು ಜಾಗಕ್ಕೆ ಹೋಗಿ ಬನ್ನಿ. ಒಂದು, ಕರ್ವೆ ರಸ್ತೆಯ ಬಳಿ ಸಂಗಮ್ ಪ್ರೆಸ್ ಹತ್ತಿರವಿರುವ ಜೋಶಿಯವರ ಚಿಕಣಿ ರೈಲು ವಸ್ತುಸಂಗ್ರಹಾಲಯ. ಭಾವುಸಾಹೇಬ್ ಜೋಶಿಯವರು ಹವ್ಯಾಸವಾಗಿ ಹಿಡಿದದ್ದು ಬೆಳೆದು 1998ರಲ್ಲಿ ಸಾರ್ವಜನಿಕರಿಗೆ ತೆರೆದ ಪುಟ್ಟ ನಗರವಾಯಿತು. ಅಲ್ಲಿ ರೈಲುಗಳನ್ನು ನೋಡುವುದು ಮುಗಿದ ಮೇಲೆ ಕಂಬ, ಬೇಲಿ, ಸಿಗ್ನಲ್‌ಗಳನ್ನು ನೋಡಿ. ಊರು ನಂಬುವಂತಾಗುವುದು ಅವುಗಳಿಂದ. ಇನ್ನೊಂದು, ಪುಣೆಯಿಂದ ಕರ್ನಾಟಕದ ಕಡೆ ಹೋಗುವಾಗ ಕೊಲ್ಹಾಪುರ ದಾಟಿದ ಮೇಲೆ ಸಿಗುವ ಕಣೇರಿಯ ಕಾಡಸಿದ್ಧೇಶ್ವರ ಮಠದ ಸಿದ್ಧಗಿರಿ ಗ್ರಾಮಜೀವನ ವಸ್ತುಸಂಗ್ರಹಾಲಯ. ಅಲ್ಲಿ ಎಲ್ಲವೂ ಆಳೆತ್ತರ. ಒಬ್ಬೊಬ್ಬರನ್ನೂ ಕೆಲಸದ ನಟ್ಟನಡುವೆ ಹಿಡಿದು ನಿಲ್ಲಿಸಿದ್ದಾರೆ. ನಮ್ಮ ಅಂಗೈಯಗಲದ ರಸವಂತಿಗೂ ಬೇಕಾದದ್ದು ಅದೇ: ಲೋಟ ತುಟಿಗೆ ತಲುಪುವ ಮೊದಲಿನ ಗಳಿಗೆ.

ಕಬ್ಬಿನ ಮಾತನ್ನು ನಾನು ಸುಮ್ಮನೆ ತೆಗೆಯಲಿಲ್ಲ. ಇವತ್ತು ಸೈಬರ್‌ಸಿಟಿಯ ಗಾಜಿನ ಗೋಪುರಗಳು ನಿಂತಿರುವ ಮಗರಪಟ್ಟಾ ಕಬ್ಬು ಬೆಳೆಯುತ್ತಿದ್ದ ನೆಲ. ನಗರ ತಮ್ಮ ಹೊಲದ ಬದುವಿಗೆ ಬಂದಾಗ ಸುಮಾರು 120 ರೈತ ಕುಟುಂಬಗಳು ಬಿಡಿಬಿಡಿಯಾಗಿ ಮಾರಿಕೊಳ್ಳದೆ, ಸತೀಶ್ ಮಗರ್ ಅವರ ಮುಂದಾಳತ್ವದಲ್ಲಿ 400 ಎಕರೆಗೂ ಹೆಚ್ಚು ಭೂಮಿಯನ್ನು ಒಟ್ಟುಗೂಡಿಸಿ, ಜಮೀನಿನ ಪಾಲಿಗೆ ತಕ್ಕಂತೆ ಕಂಪನಿಯ ಷೇರುದಾರರಾದವು. 2000ದಲ್ಲಿ ಕಟ್ಟಡದ ಕೆಲಸ ಶುರುವಾಯಿತು. ಆ ಹೊಲಗಳ ಒಂದು ತುಣುಕನ್ನು, ಬಾವಿ, ಬದು, ಕಬ್ಬಿನ ಸಾಲುಗಳ ಸಮೇತ, 1:72ರಲ್ಲಿ ಯಾರಾದರೂ ಕಟ್ಟಬೇಕೆಂಬುದು ನನ್ನ ಬಹುದಿನದ ಆಸೆ. ಬಾವಿ ಎಲ್ಲಿತ್ತು, ಕಾಲುವೆ ನೀರು ಯಾವ ಕಡೆಯಿಂದ ಹರಿಯುತ್ತಿತ್ತು, ಗಾಡಿದಾರಿ ಎಲ್ಲಿ ತಿರುಗುತ್ತಿತ್ತು ಎಂಬುದನ್ನು ಪುಸ್ತಕಗಳು ಹೇಳುವುದಿಲ್ಲ. ಹೇಳಬಲ್ಲ ಹಿರಿಯರು ಮಗರ್ ಮನೆತನಗಳಲ್ಲಿದ್ದಾರೆ. ಒಂದು ಬಿಳಿ ಹಾಳೆ, ಪೆನ್ಸಿಲ್ ಹಿಡಿದು ಹೋಗಿ, ಅವರ ಕೈಯಲ್ಲೇ ನಕ್ಷೆ ಬರೆಸಿಕೊಳ್ಳಿ.