ಸ್ನಾಯುತಂತುಗಳ ಜೋಡಣೆ ಮತ್ತು ಚಲನವೈಕಲ್ಯದ ಪರೀಕ್ಷೆ: ಅರ್ಜಿದಾರರ ಮಾಹಿತಿಗಾಗಿ

ಚಲನವೈಕಲ್ಯದ ಪ್ರಮಾಣಪತ್ರ ಕೋರಿ ಬರುವ ಅನೇಕರು, ತೋಳು ಅಥವಾ ಕಾಲು ದಪ್ಪವಾಗಿ ಕಾಣುವ ಕಾರಣದಿಂದ ಅರ್ಜಿ ತಿರಸ್ಕೃತವಾಗಬಹುದೆಂದು ಆತಂಕಪಡುವುದುಂಟು. ಸ್ನಾಯುವಿನ ಬಲವನ್ನು ಹೊರಗಾತ್ರದಿಂದ ಅಳೆಯಲಾಗದು. ಇದರ ಕಾರಣವನ್ನು ಮೈಸೂರು ನಗರದ ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

ಸ್ನಾಯುವಿನ ರಚನೆ:
ಮಾನವ ಶರೀರದಲ್ಲಿ ಎಲುಬುಗಳನ್ನು ಚಲಿಸುವಂತೆ ಮಾಡುವ 600ಕ್ಕೂ ಹೆಚ್ಚು ಸ್ನಾಯುಗಳಿವೆ. ಪ್ರತಿಯೊಂದು ಸ್ನಾಯುವೂ ಸೂಕ್ಷ್ಮ ತಂತುಗಳ ಕಟ್ಟು. ಉದ್ದವಾದ ತಂತು ಹೆಚ್ಚು ದೂರ ಸಂಕುಚಿಸುತ್ತದೆ. ಒಟ್ಟಿಗೆ ಎಳೆಯುವ ತಂತುಗಳು ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ. ಈ ಎರಡು ಗುಣಗಳಲ್ಲಿ ಯಾವುದು ಮೇಲುಗೈ ಪಡೆಯಬೇಕೆಂಬುದನ್ನು ತಂತುಗಳ ಜೋಡಣೆಯು ನಿರ್ಧರಿಸುತ್ತದೆ.

ಜೋಡಣೆಯ ಮುಖ್ಯ ಬಗೆಗಳು:
1. ಸಮಾನಾಂತರ ಜೋಡಣೆ: ತಂತುಗಳು ಸ್ನಾಯುವಿನ ಉದ್ದಕ್ಕೂ ಸಾಗುತ್ತವೆ. ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಓರೆಯಾಗಿ ಹಾಯುವ ಸಾರ್ಟೋರಿಯಸ್ ಶರೀರದ ಅತಿ ಉದ್ದದ ಸ್ನಾಯು. ಇದರ ಚಲನೆಯ ವ್ಯಾಪ್ತಿ ದೊಡ್ಡದು.
2. ಕದಿರಿನಾಕಾರ: ಮಧ್ಯೆ ಉಬ್ಬಿ ತುದಿಗಳಲ್ಲಿ ಕಿರಿದಾಗಿರುತ್ತದೆ. ಉದಾಹರಣೆ: ಮೊಣಕೈಯನ್ನು ಮಡಿಸುವ ಬೈಸೆಪ್ಸ್.
3. ಗರಿಯಾಕಾರ: ಗಿಡ್ಡ ತಂತುಗಳು ಹಕ್ಕಿಯ ಗರಿಯ ಎಳೆಗಳಂತೆ ನಡುವಿನ ಸ್ನಾಯುರಜ್ಜುವಿಗೆ ಓರೆಯಾಗಿ ಸೇರುತ್ತವೆ. ಅಲ್ಪ ಸ್ಥಳದಲ್ಲಿ ಅಧಿಕ ತಂತುಗಳು ಹಿಡಿಸುವುದರಿಂದ ಬಲ ಹೆಚ್ಚು, ಚಲನೆಯ ವ್ಯಾಪ್ತಿ ಕಡಿಮೆ. ತೊಡೆಯ ಮುಂಭಾಗದ ರೆಕ್ಟಸ್ ಫೀಮೊರಿಸ್ ಈ ಬಗೆಯದು. ಭುಜದ ಡೆಲ್ಟಾಯ್ಡ್‌ನ ನಡುಭಾಗವು ಅನೇಕ ಗರಿಗಳನ್ನು ಜೋಡಿಸಿದಂತಿದೆ.
4. ಬೀಸಣಿಗೆಯಾಕಾರ: ಎದೆಯ ಅಗಲವಾದ ಸ್ನಾಯುವಿನ ತಂತುಗಳು ತೋಳಿನ ಎಲುಬಿನಲ್ಲಿ ಒಂದೆಡೆ ಕೂಡುತ್ತವೆ.

ಗರಡಿಯ ಪೈಲ್ವಾನರು ಎದುರಾಳಿಯನ್ನು ಅಲುಗದಂತೆ ಹಿಡಿಯುವಲ್ಲಿಯೂ, ಭಕ್ತಾದಿಗಳು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಏರುವಲ್ಲಿಯೂ ಗರಿಯಾಕಾರದ ಸ್ನಾಯುಗಳ ಪಾತ್ರ ಹಿರಿದು.

ಗಾತ್ರ ಮತ್ತು ಬಲ:
ಡ್ಯೂಷೆನ್ ಸ್ನಾಯುಕ್ಷಯವುಳ್ಳ ಮಕ್ಕಳ ಮೀನಖಂಡಗಳು ಸಾಮಾನ್ಯಕ್ಕಿಂತ ದಪ್ಪವಾಗಿ ಕಾಣುವುದುಂಟು. ಅಲ್ಲಿ ನಶಿಸಿದ ತಂತುಗಳ ಜಾಗವನ್ನು ಕೊಬ್ಬು ಮತ್ತು ನಾರಿನ ಅಂಶ ತುಂಬಿರುತ್ತವೆ. ಇವುಗಳಿಗೆ ಸಂಕುಚಿಸುವ ಶಕ್ತಿಯಿಲ್ಲ. ಆದುದರಿಂದ ಕಾಲು ಪುಷ್ಟವಾಗಿ ಕಂಡರೂ ಮಗು ನೆಲದಿಂದ ಏಳಲು, ಮೆಟ್ಟಿಲೇರಲು ಕಷ್ಟಪಡುತ್ತದೆ. ಕಾಲು ದಪ್ಪವಾಗಿದೆ ಎಂಬ ಕಾರಣಕ್ಕೆ ಪೋಷಕರು ವೈದ್ಯರನ್ನು ಕಾಣಲು ವಿಳಂಬ ಮಾಡಬಾರದು. ಸ್ನಾಯುಕ್ಷಯವನ್ನು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಸೇರಿಸಲಾಗಿದೆ.

ಬಲದ ಪರೀಕ್ಷೆ:
ಬಲ ಮತ್ತು ಚಲನೆಯ ವ್ಯಾಪ್ತಿ ಬೇರೆ ಬೇರೆ ಗುಣಗಳಾದ ಕಾರಣ ಇವೆರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲಾಗುತ್ತದೆ. ಬಲವನ್ನು 0ಯಿಂದ 5ರವರೆಗಿನ ಶ್ರೇಣಿಗಳಲ್ಲಿ ಗುರುತಿಸಲಾಗುತ್ತದೆ:
0 – ಸಂಕೋಚನವಿಲ್ಲ
1 – ಅಲ್ಪ ಮಿಡಿತ ಮಾತ್ರ
2 – ಅಂಗದ ಭಾರವನ್ನು ಎತ್ತಬೇಕಿಲ್ಲದ ಭಂಗಿಯಲ್ಲಿ ಚಲನೆ
3 – ಅಂಗವನ್ನು ಅದರ ಭಾರದ ವಿರುದ್ಧ ಎತ್ತಬಲ್ಲ ಶಕ್ತಿ
4 – ಪರೀಕ್ಷಕರ ಒತ್ತಡವನ್ನು ಭಾಗಶಃ ತಡೆಯುವ ಶಕ್ತಿ
5 – ಸಾಮಾನ್ಯ ಬಲ

ಅರ್ಜಿದಾರರ ಗಮನಕ್ಕೆ:
• ತೋಳು ಮೇಲೇಳುತ್ತದೆಯೇ ಎಂಬುದರ ಜೊತೆಗೆ, ತುಂಬಿದ ಕೊಡ ಎತ್ತಲು, ಬಸ್ಸಿನ ಮೆಟ್ಟಿಲೇರಲು ಇರುವ ತೊಂದರೆಯನ್ನೂ ವೈದ್ಯರಿಗೆ ತಿಳಿಸತಕ್ಕದ್ದು.
• ಹಿಂದಿನ ಚಿಕಿತ್ಸೆಯ ದಾಖಲೆಗಳನ್ನು ತಪ್ಪದೆ ತರತಕ್ಕದ್ದು.
• ವೈಕಲ್ಯದ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅಧಿನಿಯಮದ ಪ್ರಕಾರ ಅದನ್ನು ನಿಗದಿತ ಮಟ್ಟದ ವೈಕಲ್ಯವೆಂದು ಪರಿಗಣಿಸಲಾಗುತ್ತದೆ. ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯವಾಗಿರುತ್ತದೆ.
• ಪ್ರಮಾಣೀಕರಣ ಪ್ರಾಧಿಕಾರದ ತೀರ್ಮಾನವನ್ನು ಒಪ್ಪದವರು 59ನೇ ಪ್ರಕರಣದನ್ವಯ ಮೇಲ್ಮನವಿ ಸಲ್ಲಿಸಬಹುದಾಗಿದೆ.

ಹೆಚ್ಚಿನ ಮಾಹಿತಿಗಾಗಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯವರ ಕಚೇರಿಯನ್ನು ಸಂಪರ್ಕಿಸುವುದು.