ಒಂದು ಗೆರೆ ಉಳಿಸೋಕೆ ಎಷ್ಟು ಕೆತ್ತಬೇಕು? ಜರೀನಾ ಹಶ್ಮಿ ಅವರ ಅಚ್ಚುಚಿತ್ರಗಳ ಕಥೆ

ಇವತ್ತಿನ ಎಪಿಸೋಡನ್ನ ಒಂದು ಗೆರೆಯಿಂದ ಶುರು ಮಾಡೋಣ.

ಒಂದು ಕಾಗದ ಕಲ್ಪಿಸಿಕೊಳ್ಳಿ. ಅದರ ಮೇಲಿಂದ ಕೆಳಗಿನವರೆಗೂ ಅಂಕುಡೊಂಕಾಗಿ ಇಳಿಯುವ ಒಂದು ಕಪ್ಪು ಗೆರೆ. ಅಷ್ಟೇ. ಮನುಷ್ಯರಿಲ್ಲ, ಮರಗಿಡ ಇಲ್ಲ, ಊರಿನ ಹೆಸರೂ ಇಲ್ಲ. 'ಇದನ್ನ ನಾನೂ ಬಿಡಿಸ್ತಿದ್ದೆ ಬಿಡಿ' ಅಂತ ಸ್ಕ್ರಾಲ್ ಮಾಡಿ ಮುಂದೆ ಹೋಗಿಬಿಡಬಹುದಾದ ಚಿತ್ರ.

ಚಿತ್ರದ ಹೆಸರು 'ಡಿವೈಡಿಂಗ್ ಲೈನ್', ಮಾಡಿದ್ದು 2001ರಲ್ಲಿ. ಮಾಡಿದವರು ಜರೀನಾ ಹಶ್ಮಿ. ಆ ಗೆರೆ ಯಾವುದು ಗೊತ್ತಾ? ಭಾರತ ಮತ್ತು ಪಾಕಿಸ್ತಾನದ ನಡುವಿನ ಗಡಿ.

ಜರೀನಾ ಹುಟ್ಟಿದ್ದು 1937ರಲ್ಲಿ, ಅಲಿಗಢದಲ್ಲಿ. ಅಪ್ಪ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ದೇಶ ವಿಭಜನೆ ಆದಾಗ ಹುಡುಗಿಗೆ ಹತ್ತು ವರ್ಷ. ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದರು, ಕಲಾಶಾಲೆಯ ಡಿಗ್ರಿ ಅಲ್ಲ. ಆಮೇಲೆ ಮದುವೆ. ಗಂಡ ವಿದೇಶಾಂಗ ಸೇವೆಯಲ್ಲಿದ್ದರು, ಹಾಗಾಗಿ ಊರೂರು ಸುತ್ತಾಟ. ಅಷ್ಟರಲ್ಲಿ ಹೆತ್ತವರ ಕುಟುಂಬ ಕರಾಚಿಗೆ ಹೋಯಿತು. ಅಂದ್ರೆ, ವಾಪಸ್ ಹೋಗೋಕೆ ಅಲಿಗಢದ ಮನೆ ಅನ್ನೋದು ಇನ್ನಿರಲಿಲ್ಲ.

ಈ ಸುತ್ತಾಟದಲ್ಲೇ ಅವರು ಕೆಲಸ ಕಲಿತಿದ್ದು. ಬ್ಯಾಂಕಾಕ್‌ನಲ್ಲಿ ಮರದ ಅಚ್ಚು. 1960ರ ದಶಕದಲ್ಲಿ ಪ್ಯಾರಿಸ್‌ನ ಪ್ರಸಿದ್ಧ 'ಅಟೆಲಿಯೆ 17' ಸ್ಟುಡಿಯೋದಲ್ಲಿ ಲೋಹದ ತಟ್ಟೆಯ ಅಚ್ಚು. 1974ರಲ್ಲಿ ಜಪಾನ್‌ಗೆ ಹೋಗಿ ಮತ್ತೆ ಮರದ ಅಚ್ಚು. ಕೊನೆಗೆ ನೆಲೆ ನಿಂತಿದ್ದು ನ್ಯೂಯಾರ್ಕ್‌ನಲ್ಲಿ. ಇನ್ನೊಂದು ಮಜಾ ವಿಷಯ: ದೆಹಲಿಯಲ್ಲಿದ್ದಾಗ ಅವರು ಗ್ಲೈಡರ್ ಹಾರಿಸೋದನ್ನೂ ಕಲಿತಿದ್ದರು. ಮೇಲಿಂದ ನೋಡಿದರೆ ಮನೆ ಒಂದು ಚೌಕ, ಬೀದಿ ಒಂದು ಗೆರೆ. ಆ ನೋಟ ಅವರ ಚಿತ್ರಗಳಲ್ಲಿ ಎದ್ದು ಕಾಣುತ್ತೆ.

ಈಗ ಅಸಲಿ ವಿಷಯ, ಅವರು ಕೆಲಸ ಮಾಡ್ತಿದ್ದದ್ದು ಹೇಗೆ?

ಅವರಿಗೆ ಮೊದಲು ಬರ್ತಿದ್ದದ್ದು ಚಿತ್ರ ಅಲ್ಲ, ಪದ. 'ಹೋಮ್ ಈಸ್ ಎ ಫಾರಿನ್ ಪ್ಲೇಸ್', ಅಂದ್ರೆ 'ಮನೆಯೇ ಪರದೇಶ', ಅನ್ನೋ 1999ರ ಸರಣಿ ನೋಡಿ. ನ್ಯೂಯಾರ್ಕ್‌ನ ಮನೆಯನ್ನೂ ಖಾಲಿ ಮಾಡಬೇಕಾಗುತ್ತೇನೋ ಅನ್ನೋ ಆತಂಕದಲ್ಲಿದ್ದ ಸಮಯ ಅದು. ಅವರು ಮನೆಗೆ ಸಂಬಂಧಿಸಿದ ಉರ್ದು ಪದಗಳ ಪಟ್ಟಿ ಮಾಡಿಕೊಂಡರು. ಮನೆ, ಹೊಸ್ತಿಲು, ಬಾಗಿಲು, ಅಂಗಳ, ಭಾಷೆ, ದೂರ, ಗಡಿ, ಹೀಗೆ. ಪಾಕಿಸ್ತಾನದ ಒಬ್ಬ ಲಿಪಿಕಾರರಿಂದ ಆ ಪದಗಳನ್ನ ಚೆಂದದ ಅಕ್ಷರದಲ್ಲಿ ಬರೆಸಿದರು. ಆಮೇಲೆ ಒಂದೊಂದು ಪದಕ್ಕೆ ಒಂದೊಂದು ಚಿತ್ರ, ಒಟ್ಟು 36. 'ಮನೆ' ಅನ್ನೋ ಪದಕ್ಕೆ ಗೋಡೆ, ಕಿಟಕಿ, ಅಮ್ಮ ಯಾರೂ ಇಲ್ಲ. ಬರೀ ಮನೆಯ ನಕ್ಷೆ.

ಯಾಕೆ ಹೀಗೆ? ನನಗನ್ನಿಸೋದು ಇಷ್ಟು. ಅಲಿಗಢದ ಮನೆಯನ್ನ ಹಾಗೇ ಬಿಡಿಸಿದ್ದರೆ ಅದು ಅವರ ಮನೆ ಮಾತ್ರ ಆಗ್ತಿತ್ತು. ನಾಲ್ಕು ಗೆರೆಯಲ್ಲಿ ಬಿಟ್ಟರೆ, ಊರು ಬಿಟ್ಟು ಬಂದ ಯಾರು ಬೇಕಾದರೂ ಒಳಗೆ ಕಾಲಿಡಬಹುದು. ಪಿಜಿ ರೂಮಲ್ಲಿ ಕೂತು ಇದನ್ನ ಕೇಳ್ತಿರೋ ನೀವೂ.

ಮತ್ತೆ ಆ ಕಪ್ಪು ಗೆರೆಗೆ ಬರೋಣ. ಮರದ ಅಚ್ಚಲ್ಲಿ ಒಂದು ನಿಯಮ ಇದೆ. ಹಲಗೆಯಲ್ಲಿ ಕೆತ್ತಿ ತೆಗೆದ ಜಾಗಕ್ಕೆ ಮಸಿ ಹತ್ತಲ್ಲ, ಉಬ್ಬಿ ಉಳಿದ ಜಾಗಕ್ಕೆ ಮಾತ್ರ ಹತ್ತುತ್ತೆ. ಅಂದ್ರೆ ಕಪ್ಪು ಗೆರೆ ಬೇಕು ಅಂದ್ರೆ ಗೆರೆಯನ್ನ ಕೆತ್ತೋ ಹಾಗಿಲ್ಲ. ಅದರ ಎರಡೂ ಕಡೆ ಇರೋದನ್ನೆಲ್ಲ ಕೆತ್ತಿ ತೆಗೀಬೇಕು. ಇಲ್ಲಿ ಎರಡೂ ಕಡೆ ಇರೋದು ಏನು? ಎರಡು ದೇಶ. ಎರಡೂ ಕಡೆಯ ನೆಲವನ್ನ ಉಳಿ ಹಿಡಿದು ಚೂರುಚೂರಾಗಿ ತೆಗೆದ ಮೇಲೆ ಉಳಿದದ್ದು ಗಡಿ ಒಂದೇ. ಗೆರೆಯ ಸುತ್ತ ಕಾಣುವ ಸಣ್ಣ ಸಣ್ಣ ಮಚ್ಚೆಗಳು ಆ ಉಳಿಯ ಗುರುತು.

ಒಂದು ಹೋಲಿಕೆ ಕೊಡ್ತೀನಿ. ಅಸಲಿ ಗಡಿ ಎಳೆಯೋಕೆ ಬ್ರಿಟಿಷ್ ವಕೀಲ ಸಿರಿಲ್ ರ‍್ಯಾಡ್‌ಕ್ಲಿಫ್ ಭಾರತಕ್ಕೆ ಬಂದದ್ದು 1947ರ ಜುಲೈನಲ್ಲಿ. ಅದಕ್ಕೂ ಮುಂಚೆ ಈ ನೆಲ ನೋಡಿದವರೇ ಅಲ್ಲ. ಸುಮಾರು ಐದು ವಾರದಲ್ಲಿ ಕೆಲಸ ಮುಗೀತು. ಅದೇ ಗೆರೆಯನ್ನ ಜರೀನಾ ಕೆತ್ತೋ ಹೊತ್ತಿಗೆ ಐವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು.

ಕೊನೆಯದಾಗಿ ಒಂದು ಸರಣಿ, 2004ರ 'ಲೆಟರ್ಸ್ ಫ್ರಂ ಹೋಮ್'. ಅಕ್ಕ ರಾಣಿ ಪಾಕಿಸ್ತಾನದಲ್ಲಿದ್ದರು. ತಂಗಿಗೆ ಉರ್ದುವಿನಲ್ಲಿ ಪತ್ರ ಬರೀತಿದ್ದರು, ಆದರೆ ಪೋಸ್ಟ್ ಮಾಡ್ತಿರಲಿಲ್ಲ. ಹೆತ್ತವರ ಸಾವು, ಮನೆ ಮಾರಿದ್ದು, ಹೀಗೆ ಹೇಳೋಕೆ ಕಷ್ಟವಾದ ಸುದ್ದಿಗಳೇ ಅವು. ಎಷ್ಟೋ ವರ್ಷದ ನಂತರ ಆ ಪತ್ರಗಳು ಜರೀನಾ ಕೈಗೆ ಬಂದವು. ಅವರು ಅಕ್ಕನ ಕೈಬರಹವನ್ನೇ ಅಚ್ಚಾಗಿಸಿ, ಅದರ ಮೇಲೆ ಮನೆಯ ನಕ್ಷೆ, ಊರಿನ ನಕ್ಷೆಗಳನ್ನ ಮುದ್ರಿಸಿದರು. ಕೆಲವು ಕಡೆ ಕಪ್ಪು ಆಕಾರದ ಕೆಳಗೆ ಸಾಲುಗಳು ಮುಚ್ಚಿಹೋಗಿವೆ. ಉರ್ದು ಬರದವರಿಗೂ ಅದು ಪತ್ರ ಅಂತ ಗೊತ್ತಾಗುತ್ತೆ, ಪೂರ್ತಿ ಓದೋಕೆ ಆಗಲ್ಲ ಅನ್ನೋದೂ ಗೊತ್ತಾಗುತ್ತೆ.

ಜರೀನಾ 2020ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ತೀರಿಕೊಂಡರು.

ಇವತ್ತು ನಿಮಗೊಂದು ಸಣ್ಣ ಹೋಂವರ್ಕ್. ನಿಮ್ಮ ಮನೆ ಅಂದ ತಕ್ಷಣ ನೆನಪಾಗೋ ಹತ್ತು ಪದ ನೋಟ್ಸ್ ಆ್ಯಪ್‌ನಲ್ಲಿ ಬರೆದಿಡಿ, ನಿಮ್ಮೂರಿನ ಮಾತಲ್ಲೇ. ಜಗಲಿ, ಹಿತ್ತಲು, ಅಟ್ಟ, ಏನಾದ್ರೂ ಸರಿ. ಆಮೇಲೆ 'ಡಿವೈಡಿಂಗ್ ಲೈನ್' ಸರ್ಚ್ ಮಾಡಿ, ಒಂದೇ ಒಂದು ನಿಮಿಷ ನೋಡಿ. ಮುಂದಿನ ವಾರ ಸಿಗೋಣ.