ಶೈತ್ಯರಕ್ಷಕ ಪೆಟ್ಟಿಗೆ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯನ್ನು ಕುರಿತ ಒಂದು ವಿವೇಚನೆ

ಸರಕನ್ನು ಒಂದೂರಿನಿಂದ ಮತ್ತೊಂದೂರಿಗೆ ಕೆಡದಂತೆ ಮುಟ್ಟಿಸುವುದು ವ್ಯಾಪಾರದ ಮೊದಲನೆಯ ಕರ್ತವ್ಯ. ರಾಗಿ, ಅಡಕೆ, ಕೊಬ್ಬರಿಗಳು ಬಿಸಿಲನ್ನು ತಾಳಿಕೊಳ್ಳುತ್ತವೆ. ವೀಳ್ಯದೆಲೆ, ರೇಷ್ಮೆಹುಳುವಿನ ಮೊಟ್ಟೆ, ಹಾಲು, ಲಸಿಕೆ ಮುಂತಾದುವು ತಾಳಲಾರವು. ಇವುಗಳನ್ನು ಸಾಗಿಸುವ ಪೆಟ್ಟಿಗೆಯ ವಿಚಾರ ಇತಿಹಾಸದ ಅಧ್ಯಾಪಕರಿಗೇಕೆ ಎಂದು ವಾಚಕರು ಕೇಳಬಹುದು. ಅರಸರ ಶಾಸನದಂತೆಯೇ ಸಂತೆಗೆ ಹೋದ ಬುಟ್ಟಿಯೂ ಇತಿಹಾಸಕ್ಕೆ ಸೇರಿದ್ದೆಂಬುದೇ ನಮ್ಮ ಉತ್ತರ.

ಮೊದಲು ತತ್ತ್ವವನ್ನು ತಿಳಿಯೋಣ. ಉಷ್ಣವು ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ಹರಿಯುವುದು ಪ್ರಕೃತಿನಿಯಮ. ಅದನ್ನು ಪೂರ್ಣವಾಗಿ ತಡೆಯಲಾಗದು, ನಿಧಾನಗೊಳಿಸಬಹುದು. ಚಲಿಸದೆ ನಿಂತ ಗಾಳಿಯು ಉಷ್ಣವನ್ನು ಬಹಳ ಕಡಮೆ ಸಾಗಿಸುತ್ತದೆ. ಹುಲ್ಲು, ತೆಂಗಿನ ನಾರು, ಉಣ್ಣೆ, ಮರದ ಹೊಟ್ಟು ಇವೆಲ್ಲ ತಂಪನ್ನು ಕಾಯುವುದು ತಮ್ಮೊಳಗೆ ಗಾಳಿಯನ್ನು ಸೆರೆಹಿಡಿಯುವುದರಿಂದಲೇ. ಥರ್ಮೋಕೋಲಿನ ಗಾತ್ರದಲ್ಲಿ ನೂರಕ್ಕೆ ಸುಮಾರು 98 ಪಾಲು ಗಾಳಿಯೇ ಆಗಿದೆ. ಇದರೊಡನೆ ಮಂಜುಗಡ್ಡೆ ಸೇರಿದರೆ ಕೆಲಸ ಪೂರ್ಣವಾಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಉಷ್ಣ ಬೇಕು. ಕರಗಿ ಮುಗಿಯುವವರೆಗೆ ಅದು ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ. ಗೋಡೆಯು ಉಷ್ಣವನ್ನು ತಡವಾಗಿ ಬರಮಾಡುತ್ತದೆ, ಮಂಜುಗಡ್ಡೆಯು ಬಂದದ್ದನ್ನು ನುಂಗುತ್ತದೆ.

ಈ ತತ್ತ್ವದ ಪ್ರಸಿದ್ಧ ನಿದರ್ಶನವೊಂದು 1833ರಲ್ಲಿ ದೊರೆಯಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನ ‘ಟಸ್ಕನಿ’ ಹಡಗು ಸುಮಾರು 180 ಟನ್ ಮಂಜುಗಡ್ಡೆಯನ್ನು ಹೊತ್ತು, ನಾಲ್ಕು ತಿಂಗಳು ಪ್ರಯಾಣಮಾಡಿ ಕಲ್ಕತ್ತೆಯನ್ನು ಸೇರಿದಾಗ ಸುಮಾರು 100 ಟನ್ ಉಳಿದಿತ್ತು. ಅದನ್ನು ಉಳಿಸಿದ್ದು ಹಲಗೆ ಮತ್ತು ತೊಗಟೆಪುಡಿಗಳ ಹೊದಿಕೆ. 1842ರಲ್ಲಿ ಮದರಾಸಿನಲ್ಲಿ ಕಟ್ಟಿದ ಐಸ್ ಹೌಸ್ ಈ ವ್ಯಾಪಾರದ ಕುರುಹಾಗಿ ನಿಂತಿದೆ.

ಇನ್ನು ನಮ್ಮ ಸೀಮೆಗೆ ಬರೋಣ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದು, ಅಲ್ಲಿಯ ಸಂತೆ ವ್ಯಾಪಾರವನ್ನು ವಿವರಿಸಿದ್ದಾನೆ. ಗುಬ್ಬಿಯ ಕಡೆಯ ತೋಟಗಳಲ್ಲಿ ಅಡಕೆ ಮರಕ್ಕೆ ವೀಳ್ಯದ ಬಳ್ಳಿ ಹಬ್ಬಿಸುವುದುಂಟು. ಎಲೆಯನ್ನು ಕೊಯ್ದು ಜೋಡಿಸಿ, ಬಾಳೆಯೆಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದು, ನೀರು ಚಿಮುಕಿಸಿ ಕಳುಹಿಸುವುದು ವಾಡಿಕೆ. ನೀರು ಆವಿಯಾಗುವಾಗ ಪಿಂಡಿಯ ಉಷ್ಣವನ್ನು ಹೀರಿಕೊಳ್ಳುವುದರಿಂದ ಒಳಗಿನ ಎಲೆ ಬಾಡುವುದಿಲ್ಲ. ಸರಕು ಮಾರಿದ ಮೇಲೆ ಹೊದಿಕೆ ದನದ ಬಾಯಿಗೋ ತಿಪ್ಪೆಗೋ ಸೇರುತ್ತದೆ. ಇಲ್ಲಿ ಕಸವೆಂಬುದೇ ಹುಟ್ಟುವುದಿಲ್ಲ.

ಕುಣಿಗಲಿನ ಸಂಗತಿ ಇನ್ನೂ ಸೂಕ್ಷ್ಮವಾದುದು. ಮಾಗಡಿಯಂತೆ ಕುಣಿಗಲ್ ಪ್ರದೇಶವೂ ಮೈಸೂರು ತಳಿಯ ಬಿತ್ತನೆಗೂಡಿಗೆ ಹೆಸರಾದುದು. ರೇಷ್ಮೆಹುಳುವಿನ ಮೊಟ್ಟೆಗೆ ಸುಮಾರು 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯೂ ಸಾಕಷ್ಟು ತೇವವೂ ಹಿತಕರ. ಆದಕಾರಣ ಮೊಟ್ಟೆಯನ್ನು ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ಗಾಳಿಯಾಡುವ ಚೀಲದಲ್ಲಿ ಒಯ್ಯಬೇಕೆಂದು ತಜ್ಞರು ಹೇಳುತ್ತಾರೆ. ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೆ ಮೊಟ್ಟೆ ಕಾದರೆ ಹುಳುಗಳು ಒಂದೇ ಸಮನಾಗಿ ಒಡೆಯುವುದಿಲ್ಲ. ಎಷ್ಟೋ ಮೊಟ್ಟೆಗಳು ಸತ್ತೇ ಹೋಗುತ್ತವೆ. ಹಿಪ್ಪುನೇರಳೆಗೆ ನೀರು, ಗೊಬ್ಬರ ಹಾಕಿದ ರೈತನ ಒಂದು ಬೆಳೆಯೇ ಹೀಗೆ ದಾರಿಯಲ್ಲಿ ನಷ್ಟವಾಗಬಹುದು. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ ಲಸಿಕೆಗೆ ಒಳ್ಳೆಯದು, ಜೀವವುಳ್ಳ ಮೊಟ್ಟೆಗೆ ಅಪಾಯಕರ. ಪೆಟ್ಟಿಗೆಯು ಸರಕಿಗೆ ತಕ್ಕಂತಿರಬೇಕೆಂಬ ಪಾಠ ಇಲ್ಲಿದೆ.

ಲಸಿಕೆಯ ಚರಿತ್ರೆ ಬೇರೆಯದು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ದೇವಿ ಹಾಕಿದಾಗ, ಆ ಲಸಿಕೆ ಬಾಗ್ದಾದಿನ ಕಡೆಯಿಂದ ತೋಳಿನಿಂದ ತೋಳಿಗೆ ದಾಟುತ್ತ ಬಂದಿತ್ತು. ಮನುಷ್ಯದೇಹವೇ ಅದರ ಪೆಟ್ಟಿಗೆಯಾಗಿತ್ತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾಯಿತು. ಈಗ ಜಿಲ್ಲಾ ಕೇಂದ್ರವಾದ ತುಮಕೂರಿನಿಂದ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಿಗೆ ಹೋಗುವ ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಕಾಯಬೇಕು. ಹಳ್ಳಿಗೆ ಒಯ್ಯುವ ಲಸಿಕಾ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 0.4 ಲೀಟರಿನ ನಾಲ್ಕು ಐಸ್‌ಪ್ಯಾಕುಗಳಿರುತ್ತವೆ. ಇವು ಕರಗುವಷ್ಟರಲ್ಲಿ ಸುಮಾರು 128 ಕಿಲೋಕ್ಯಾಲೊರಿ ಉಷ್ಣವನ್ನು ಹೀರಬಲ್ಲುವು. ಅತಿಶೈತ್ಯವೂ ಕೇಡೇ: ಧನುರ್ವಾಯುವಿನ ಲಸಿಕೆ ಹೆಪ್ಪುಗಟ್ಟಿದರೆ ನಿರುಪಯುಕ್ತವಾಗುತ್ತದೆ. ಆದುದರಿಂದಲೇ ಐಸ್‌ಪ್ಯಾಕನ್ನು ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾದು, ಅನಂತರ ತುಂಬುತ್ತಾರೆ. ಈ ಪೆಟ್ಟಿಗೆ ಪ್ಲಾಸ್ಟಿಕ್ಕಿನದೇ ಆದರೂ ಸಂಜೆ ಮರಳಿ ಬರುತ್ತದೆ, ವರ್ಷಗಟ್ಟಲೆ ದುಡಿಯುತ್ತದೆ.

ತೊಡಕಿರುವುದು ಮರಳಿ ಬಾರದ ಪೆಟ್ಟಿಗೆಯಲ್ಲಿ. 2014ರ ಸೆಪ್ಟೆಂಬರ್ 24ರಂದು ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ ಆಹಾರ ಉದ್ಯಾನದ ಉದ್ಘಾಟನೆಯಾಯಿತು. ಶೀತಲಗೃಹಗಳಂತಹ ಏರ್ಪಾಡು ಎಷ್ಟೇ ಇದ್ದರೂ ಸರಕು ಕೊನೆಯ ಹರದಾರಿಯನ್ನು ಪೆಟ್ಟಿಗೆಯಲ್ಲೇ ಕ್ರಮಿಸಬೇಕು. ಔಷಧ, ಹಣ್ಣು, ಮೀನು ತಂದ ಥರ್ಮೋಕೋಲ್ ಪೆಟ್ಟಿಗೆ ಒಂದೇ ದಿನದಲ್ಲಿ ಬೀದಿಗೆ ಬೀಳುತ್ತದೆ. ಅದನ್ನು ಕರಗಿಸಿ ಮರುಬಳಸುವುದು ಸಾಧ್ಯವೇ. ಆದರೆ ಗಾಡಿ ತುಂಬ ಹೇರಿದರೂ ತೂಕವಿಲ್ಲದ ಸರಕನ್ನು ಹಳೆಯ ಸಾಮಾನಿನವರು ಕೊಳ್ಳಲು ಒಪ್ಪುವುದಿಲ್ಲ. ಕಡೆಗೆ ಅದು ಕಾಳುಕಾಳಾಗಿ ಚರಂಡಿಯನ್ನೂ ಕೆರೆಯನ್ನೂ ಸೇರುತ್ತದೆ. ಥರ್ಮೋಕೋಲಿನ ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರವು 2016ರಲ್ಲೂ, ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದಲೂ ನಿಷೇಧಿಸಿವೆ. ತಂಪು ಕಾಯುವ ಪೆಟ್ಟಿಗೆಗೆ ಮಾತ್ರ ಬದಲಿಯನ್ನು ಹುಡುಕಿಕೊಂಡೇ ನಿಷೇಧದ ಮಾತೆತ್ತಬೇಕು. ಇಲ್ಲವಾದರೆ ಮಗುವಿನ ಲಸಿಕೆಯೇ ಕೆಟ್ಟೀತು.

ಆ ಬದಲಿಗಳು ಈಗ ಬಂದಿವೆ: ರಟ್ಟಿನ ಪೆಟ್ಟಿಗೆಯೊಳಗೆ ಕಾಗದದ ಪದರ, ಉಣ್ಣೆಯ ಹಾಸು, ಪಿಷ್ಟದ ನೊರೆ, ತೆಂಗಿನ ನಾರು. ಇವುಗಳಿಗೆ ಮೂರು ಪರೀಕ್ಷೆಗಳುಂಟು. ಬೇಕಾದ ಗಂಟೆಗಳಷ್ಟು ಕಾಲ ತಂಪು ಉಳಿಯುವುದೆ? ಮಂಜುಗಡ್ಡೆಯ ಬೆವರಿಗೆ ನೆನೆದರೂ ಗೋಡೆ ನಿಲ್ಲುವುದೆ? ಪದರಗಳನ್ನು ಕೈಯಿಂದ ಬಿಡಿಸಬಹುದೆ? ಮೂರನೆಯದನ್ನು ಜನ ಮರೆಯುತ್ತಾರೆ. ಕಾಗದಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿಬಿಟ್ಟರೆ ಅದು ಕಾಗದದ ಕಾರ್ಖಾನೆಗೂ ಸಲ್ಲದು, ತಿಪ್ಪೆಗೂ ಸಲ್ಲದು. ತೆಂಗಿನ ನಾರು ನಮ್ಮ ಜಿಲ್ಲೆಯಲ್ಲಿ ಹೇರಳವಾಗಿದೆ. ಥರ್ಮೋಕೋಲಿಗಿಂತ ಅದು ಭಾರ, ಗೋಡೆಯೂ ದಪ್ಪವಾಗಬೇಕು. ಲಾರಿಯ ಬಾಡಿಗೆ ಹೆಚ್ಚುವುದು ನಿಜ. ಆದರೆ ಕಸ ಸಾಗಿಸುವ ಖರ್ಚನ್ನು ಈಗ ಪೆಟ್ಟಿಗೆ ಕಳುಹಿಸಿದವನು ಕೊಡುತ್ತಿಲ್ಲ, ಊರು ಕೊಡುತ್ತಿದೆ. ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ನೋಡುವುದು ನ್ಯಾಯ.

ಒಟ್ಟಿನಲ್ಲಿ ದಾರಿಗಳು ಎರಡು. ಲಸಿಕಾ ಪೆಟ್ಟಿಗೆಯಂತೆ ಮರಳಿ ಬರಬೇಕು. ಇಲ್ಲವೆ ವೀಳ್ಯದ ಪಿಂಡಿಯಂತೆ ಮಣ್ಣಿಗೋ ಮರುಬಳಕೆಗೋ ಸಲ್ಲಬೇಕು. ಎರಡೂ ನಮ್ಮ ಸೀಮೆಗೆ ಪರಿಚಿತವಾದುವೇ. ನಾರಿನ ಗೋಡೆಯ ಪೆಟ್ಟಿಗೆಗಳನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತುಮಕೂರಿನಿಂದ ಗುಬ್ಬಿ, ಕುಣಿಗಲ್‌ಗಳಿಗೆ ಉಷ್ಣಮಾಪಕದೊಡನೆ ಕಳುಹಿಸಿ, ಗಂಟೆಗಂಟೆಯ ಅಳತೆಯನ್ನು ಬರೆದಿಡುವ ಕೆಲಸವನ್ನು ವಿಜ್ಞಾನ ವಿಭಾಗದ ಮಿತ್ರರು ಕೈಗೊಳ್ಳಬೇಕೆಂದು ನಾವು ಕೋರುತ್ತೇವೆ.